ಅತ್ತೆಯ ಕೋಲು, ದೇಶದ ಕಲ್ಲು

ಮೊಕಾಲೆಂಗ್, ಬೋತ್ಸ್ವಾನ
ಮೇ ೬, ಮಂಗಳವಾರ

ಒರಾತಿಲೆಯ ಅಪ್ಪನಿಗೆ,

'ಪ್ರೀತಿಯ' ಎಂದು ಬರೆಯಲು ಕೈ ಬರಲಿಲ್ಲ. 'ಮಾನ್ಯರೇ' ಎಂದರೆ ಸರ್ಕಾರಿ ಕಾಗದವಾಗುತ್ತದೆ. ಹಾಗಾಗಿ ಮಗಳ ಹೆಸರಿನ ಆಸರೆ ಹಿಡಿದಿದ್ದೇನೆ. ಇದು ರಾಜಿಯ ಪತ್ರವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಮೊದಲ ಸಾಲು ಓದಿ ಹಲ್ಲು ಕಿರಿಯುತ್ತ ಕೂರಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕಲಾರೆ. ನಿಮ್ಮ ಗಣಿ ಊರಿಗೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡು.

ವಿಷಯ ಇಷ್ಟು. ನಮ್ಮ ಕ್ಲಿನಿಕ್ಕಿನ ಔಷಧದ ಕಪಾಟು ಖಾಲಿಯಾಗುತ್ತಿದೆ. ರಕ್ತದೊತ್ತಡದ ಮಾತ್ರೆ ಕೇಳಿದಷ್ಟು ಬರುತ್ತಿಲ್ಲ, ಸಕ್ಕರೆ ಕಾಯಿಲೆಯದು ಬಂದರೆ ಬಂತು. ಹೋದ ವಾರ ಮೇಲಿನ ಅಧಿಕಾರಿಯೊಬ್ಬರು ಬಂದು, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಸರದಿಯಲ್ಲಿ ಕುಳಿತವರಿಗೆಲ್ಲ ಹೇಳಿದರು: ದೇಶದ ವಜ್ರ ಹೊರಗೆ ಮಾರಾಟವಾಗುತ್ತಿಲ್ಲ, ಬೊಕ್ಕಸ ತೆಳ್ಳಗಾಗಿದೆ, ಸ್ವಲ್ಪ ಕಾಲ ಹೊಂದಿಕೊಳ್ಳಿ ಎಂದು. ಹೇಳಿ ಕಾರು ಹತ್ತಿ ಹೋದರು. ಹೊಂದಿಕೊಳ್ಳದವರಿಗೆ ಉತ್ತರ ಕೊಡುವ ಕೆಲಸ ನನಗೆ ಉಳಿಯಿತು.

ಮ್ಮಾ ಸೆತ್ಸಿಬಾ ನಿನಗೆ ಗೊತ್ತಲ್ಲ, ಬಾವಿಯ ಪಕ್ಕದ ಮನೆಯ ಅಜ್ಜಿ. ಅವಳು ಬೆಂಚಿನಿಂದ ಎದ್ದು ಬಂದು ನನ್ನ ಮೇಜಿನ ಮೇಲೆ ಎರಡೂ ಕೈ ಊರಿ ಕೇಳಿದಳು: "ನರ್ಸಮ್ಮ, ನಾನು ಹುಟ್ಟಿದಾಗಿಂದ ಒಂದು ವಜ್ರಾನೂ ಕಣ್ಣಲ್ಲಿ ಕಂಡೋಳಲ್ಲ. ನಾನು ಕಾಣದ ಕಲ್ಲನ್ನ ಎಲ್ಲೋ ಯಾರೋ ಕೊಳ್ಳಲಿಲ್ಲ ಅಂದ್ರೆ ನನ್ನ ಮಾತ್ರೆ ಯಾಕವ್ವ ನಿಲ್ಲಬೇಕು?"

ಓದಿದ್ದೇನೆ, ಬಿಳಿ ಬಟ್ಟೆ ಹಾಕುತ್ತೇನೆ, ಹೇಳಬೇಕಾದವಳು ನಾನೇ. ಬಾಯಿ ತಪ್ಪಿ, "ನನ್ನ ಗಂಡ ಗಣೀಲೇ ಇರೋದು, ಕೇಳಿ ಹೇಳ್ತೀನಿ" ಅಂದುಬಿಟ್ಟೆ. ಸರದಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ವರ್ಷದಿಂದ ತವರಿನಲ್ಲಿ ಕೂತವಳ ಬಾಯಲ್ಲಿ 'ನನ್ನ ಗಂಡ' ಎಂಬ ಮಾತು ಅವರಿಗೆ ಮಾತ್ರೆಗಿಂತ ರುಚಿಸಿರಬೇಕು.

ಆದ್ದರಿಂದ ಕೇಳುತ್ತಿದ್ದೇನೆ. ಕಲ್ಲಿಗೂ ಮಾತ್ರೆಗೂ ಏನು ಸಂಬಂಧ? ಸರಿಯಾಗಿ ವಿಚಾರಿಸಿ ಬರೆ. ಇದನ್ನು ಬಿಟ್ಟು ಬೇರೇನೂ ಬರೆಯಬೇಡ. ಚಿಕ್ಕವ್ವನ ಮಗಳ ಮದುವೆಯ ಅಂಗಳದಲ್ಲಿ, ನಂಟರೆಲ್ಲ ನೋಡುತ್ತಿರುವಾಗ ಅವ್ವನ ಕೋಲು ನಿನ್ನ ಪಾದದ ಹತ್ತಿರ ಬಿದ್ದದ್ದು, ನೀನು ಅದನ್ನು ಎತ್ತಿಕೊಡದೆ ಕೈಗಳನ್ನು ಮೇಲೆತ್ತಿ ನಿಂತದ್ದು, ಸಾಲದ್ದಕ್ಕೆ "ಇಲ್ಲೊಂದು ಬಿದ್ದಿದೆ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದು, ಸೊಂಟ ನೋವಿನ ನನ್ನ ಅವ್ವ ತಾನೇ ಬಗ್ಗಿ ಎತ್ತಿಕೊಂಡಾಗ ನೀನು ನಕ್ಕದ್ದು, ಯಾವುದನ್ನೂ ನಾನು ಮರೆತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇದು ಕೋಲಿಗೆ ಹೋದ ಮಾನ. ಆನೆ ಕೊಡುತ್ತೇನೆ ಎನ್ನಬೇಡ, ನಮ್ಮ ದೇಶದಲ್ಲಿ ಆನೆಗೇನೂ ಬರವಿಲ್ಲ.

ಇಂತಿ,
ತಿರೆಲೊ

ತಾ.ಕ.: ನಿನ್ನ ನೀಲಿ ಕಂಬಳಿ ಇಲ್ಲಿಗೆ ಬಂದುಬಿಟ್ಟಿದೆ. ಆಗಸ್ಟಿನಲ್ಲಿ ಚಳಿಗಾಲ ಮುಗಿಯುವವರೆಗೆ ವಾಪಸ್ ಕೊಡುವುದಿಲ್ಲ.

&nbsp;

ಗಣಿ ಊರು
ಮೇ ೧೫

ಒರಾತಿಲೆಯ ಅಮ್ಮನಿಗೆ,

ಹಲ್ಲು ಕಿರಿಯಬೇಡ ಎಂದು ಬರೆದಿದ್ದೀಯ. ಅಷ್ಟು ಹೊತ್ತಿಗಾಗಲೇ ಕಿರಿದಾಗಿತ್ತು, ಕ್ಷಮಿಸು. ಕಂಬಳಿ ನಿನ್ನ ಹತ್ತಿರವೇ ಇರಲಿ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಮೊದಲು ಒಂದು ವಿಷಯ ಹೇಳಬೇಕು: ನನಗೂ ಉತ್ತರ ಗೊತ್ತಿರಲಿಲ್ಲ. ಮದುವೆಗೂ ಮುಂಚಿನಿಂದ ಇಲ್ಲಿದ್ದೇನೆ, ಪುಡಿಯಾದ ಬಂಡೆಯನ್ನು ಹೊತ್ತು ಓಡುವ ಬೆಲ್ಟುಗಳನ್ನು ರಿಪೇರಿ ಮಾಡುತ್ತೇನೆ, ನನ್ನ ಕಣ್ಣ ಮುಂದೆ ಗುಡ್ಡಗಟ್ಟಲೆ ಕಲ್ಲು ಹಾದು ಹೋಗಿದೆ. ಅದರಲ್ಲಿ ವಜ್ರ ಯಾವುದು ಎಂದು ಕೇಳಿದರೆ ತೋರಿಸಲಾರೆ. ಕೈಯಲ್ಲಂತೂ ಒಂದನ್ನೂ ಹಿಡಿದಿಲ್ಲ. ಡೇರಿಯಲ್ಲಿ ದುಡಿದು ಹಾಲಿನ ಬಣ್ಣ ಗೊತ್ತಿಲ್ಲ ಎನ್ನುವವನನ್ನು ನೀನು ಏನೆನ್ನುತ್ತೀಯ? ನನ್ನನ್ನೂ ಅದನ್ನೇ ಅನ್ನು.

ಹಾಗಾಗಿ ರಾಜಧಾನಿ ಗಾಬೊರೋನಿನಲ್ಲಿರುವ ಬೊಫೆಲೊಗೆ ಫೋನ್ ಮಾಡಿದೆ. ನಮ್ಮ ದೊಡ್ಡಪ್ಪನ ಮಗಳು, ಕಲ್ಲುಗಳನ್ನು ವಿಂಗಡಿಸುವ ಕಟ್ಟಡದಲ್ಲಿ ಕೂರುವವಳು. ಅವಳು ಬೈದೇ ಶುರು ಮಾಡಿದಳು. "ಯಾಕೋ ಮೊದಿರಿ, ಇಷ್ಟು ವರ್ಷ ಸಂಬಳ ಎಣಿಸ್ಕೊಂಡೆ, ಅದು ಎಲ್ಲಿಂದ ಬರುತ್ತೆ ಅಂತ ಒಂದಿನನಾದ್ರೂ ಕೇಳಿದ್ಯೇನೋ?" ಹೆಂಡತಿ ಕೇಳಿದ್ದಾಳೆ ಎಂದೆ. "ಹಾಗಾದ್ರೆ ನಿನ್ನ ಸಂಸಾರದಲ್ಲಿ ಬುದ್ಧಿ ಇರೋರು ಒಬ್ಬರಾದ್ರೂ ಇದ್ದಾರೆ" ಎಂದು ಆಮೇಲೆ ವಿವರಿಸಿದಳು.

ಅವಳು ಹೇಳಿದ್ದು ಹೀಗೆ. ಮ್ಮಾ ಸೆತ್ಸಿಬಾಳ ಮಾತ್ರೆ ನಮ್ಮ ದೇಶದಲ್ಲಿ ತಯಾರಾಗುವುದಿಲ್ಲ. ಹೊರಗಿನಿಂದ ತರಿಸಬೇಕು. ಹೊರಗಿನವರಿಗೆ ನಮ್ಮ ಪುಲ ಬೇಡ, ಅವರಿಗೆ ಡಾಲರ್ ಬೇಕು. ಡಾಲರ್ ನಮ್ಮ ಮನೆಯಲ್ಲಿ ಅಚ್ಚಾಗುವುದಿಲ್ಲ, ಏನನ್ನಾದರೂ ಹೊರಗೆ ಮಾರಿದರೆ ಮಾತ್ರ ಬರುತ್ತದೆ. ನಾವು ಮಾರುವುದೇನು? ಒಂದಿಷ್ಟು ದನದ ಮಾಂಸ. ಆನೆ ನೋಡಲು ಬರುವವರಿಂದ ಒಂದಿಷ್ಟು. ಉಳಿದದ್ದು, ಅಂದರೆ ಹೆಚ್ಚೂಕಡಿಮೆ ಮುಕ್ಕಾಲು ಪಾಲು, ಕಲ್ಲು. ಕಲ್ಲಿನ ಹಣದಲ್ಲಿ ದೊಡ್ಡ ತುಂಡು ಸರ್ಕಾರಕ್ಕೆ ಹೋಗುತ್ತದೆ. ರಸ್ತೆ, ಶಾಲೆ, ನಿನ್ನ ಸಂಬಳ, ಆ ಕಾರು ಹತ್ತಿ ಹೋದ ಅಧಿಕಾರಿಯ ಪೆಟ್ರೋಲು, ಎಲ್ಲ ಅದರಲ್ಲೇ.

ಈಗ ಏನಾಗಿದೆ ಎಂದರೆ, ಕಲ್ಲು ಕೊಳ್ಳುವ ವ್ಯಾಪಾರಿಗಳು ಎಂದಿನಂತೆ ಗಾಬೊರೋನಿಗೆ ಬರುತ್ತಾರಂತೆ, ಪೆಟ್ಟಿಗೆ ತೆರೆದು ನೋಡುತ್ತಾರಂತೆ, ಮುಚ್ಚುತ್ತಾರಂತೆ. "ಬರ್ತಾರೆ, ಟೀ ಕುಡೀತಾರೆ, ಬಿಸ್ಕತ್ತು ತಿಂತಾರೆ, ಹೋಗ್ತಾರೆ. ಬಿಸ್ಕತ್ತಿನ ಖರ್ಚೂ ನಮ್ದೇ" ಎಂದಳು ಬೊಫೆಲೊ. ಕೊಳ್ಳದೆ ಹೋಗುವುದು ಯಾಕೆ ಎಂದು ಕೇಳುವಷ್ಟರಲ್ಲಿ ನನ್ನ ಫೋನಿನ ದುಡ್ಡು ಮುಗಿಯಿತು. ಮುಂದಿನ ಸಲ ಕೇಳುತ್ತೇನೆ. ನೀನು ಕೇಳು ಎಂದರೆ.

ಇಲ್ಲಿ ಎಲ್ಲ ಕ್ಷೇಮ. ಬೆಲ್ಟುಗಳು ಈಚೆಗೆ ಸ್ವಲ್ಪ ನಿಧಾನವಾಗಿ ಓಡುತ್ತಿವೆ. ಅದೇನೂ ದೊಡ್ಡ ವಿಷಯವಲ್ಲ.

ಇಂತಿ,
ಮೊದಿರಿ

ತಾ.ಕ.: ಅತ್ತೆಯವರ ಸೊಂಟ ಹೇಗಿದೆ? ಇದು ಕಲ್ಲಿನ ವಿಷಯವಲ್ಲ ಎಂದು ಗೊತ್ತು. ಉತ್ತರ ಬರೆಯದಿದ್ದರೂ ನಡೆಯುತ್ತದೆ.

&nbsp;

ಮೊಕಾಲೆಂಗ್
ಮೇ ೨೭

ಒರಾತಿಲೆಯ ಅಪ್ಪನಿಗೆ,

ನಿನ್ನ ಪತ್ರ ಸರದಿಯ ಬೆಂಚಿನ ಮೇಲೆ ದೊಡ್ಡ ಗಲಾಟೆ ಎಬ್ಬಿಸಿತು. ಕಲ್ಲಿನ ಭಾಗವನ್ನು ಮಾತ್ರ ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ ಮಡಚುತ್ತಿದ್ದರೆ, "ಕೊನೇಲಿ ಇನ್ನೂ ಎರಡು ಸಾಲಿತ್ತಲ್ಲ" ಎಂದಳು ಮ್ಮಾ ಸೆತ್ಸಿಬಾ. ಔಷಧದ ಚೀಟಿ ಓದಲು ಬಾರದ ಕಣ್ಣಿಗೆ ಅದು ಹೇಗೆ ಕಂಡಿತೋ ದೇವರೇ ಬಲ್ಲ.

ರಾ ಮೊತ್ಸುಮಿ ನಿನಗೆ ನೆನಪಿರಬಹುದು, ಊರ ಕಟ್ಟೆಯಲ್ಲಿ ಯಾವ ಮಾತಿಗೂ ದನದ ಉದಾಹರಣೆ ಕೊಡುವ ಮುದುಕ. ಅವನು ಎದ್ದು ನಿಂತು ತೀರ್ಪು ಕೊಟ್ಟ. "ಕೇಳ್ರಪ್ಪಾ, ಒಂದೇ ಹಸು ಕಟ್ಕೊಂಡ ಮನೆ ನಮ್ದು. ಹಾಲು ಕೊಡೋವಾಗ ಊರಿಗೆಲ್ಲ ಮೊಸರು ಹಂಚಿದ್ವಿ. ಎರಡನೇ ಹಸು ತನ್ನಿ ಅಂತ ನಾನು ಅವತ್ತೇ ಹೇಳಿದ್ದೆ." ಯಾರಿಗೆ ಹೇಳಿದ್ದೆ ಎಂದು ಮ್ಮಾ ಸೆತ್ಸಿಬಾ ಕೇಳಿದಳು. ಹೆಂಡತಿಗೆ ಹೇಳಿದ್ದನಂತೆ. ಬೆಂಚೆಲ್ಲ ನಕ್ಕಿತು.

ಆಮೇಲೆ ಶಾಲೆಯ ಮೇಷ್ಟ್ರು, ಕೆಮ್ಮಿಗೆ ಬಂದವರು, ಇನ್ನೊಂದು ವಿಷಯ ಹೇಳಿದರು. ಹೊರದೇಶಗಳಲ್ಲಿ ಈಗ ಯಂತ್ರದೊಳಗೆ ವಜ್ರ ಬೆಳೆಸುತ್ತಾರಂತೆ. ನೋಡಲು ಅದೇ, ಗಟ್ಟಿಯೂ ಅದೇ, ಬೆಲೆ ಕಡಿಮೆ. ವ್ಯಾಪಾರಿಗಳು ಟೀ ಕುಡಿದು ಎದ್ದು ಹೋಗುವುದು ಅದಕ್ಕೇ ಇರಬೇಕು ಎಂದರು. ಬೊಫೆಲೊಳನ್ನು ಕೇಳಿ ನೋಡು, ನಿಜವೋ ಎಂದು. ಮ್ಮಾ ಸೆತ್ಸಿಬಾಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. "ಬಸಿರಾಗದೆ ಹೆತ್ತ ಮಗು ಅದು. ಆ ಹೊರಗಿನ ಹೆಣ್ಣುಮಕ್ಕಳಿಗೆ ನಾನೇ ಹೇಳ್ತೀನಿ ಕಣವ್ವ: ಮದುವೆ ಆಗ್ರೇ, ನೆಲದಿಂದ ಬಂದ ಕಲ್ಲಿನ ಉಂಗುರಾನೇ ಹಾಕ್ಕೊಳ್ರೇ, ಇಲ್ಲಿ ನನ್ನ ಬಿಪಿ ಏರ್ತಾ ಇದೆ ಅಂತ!"

ನಗುತ್ತ ನಗುತ್ತ ಕೆಲಸ ಮುಗಿಸಿದೆ. ಆದರೆ ಮನೆಗೆ ಬರುವ ದಾರಿಯಲ್ಲಿ ನಗು ಇಳಿಯಿತು. ನನ್ನ ನರ್ಸಿಂಗ್ ಓದಿಗೆ ಅವ್ವ ಒಂದು ತೆಬೆ ಕಾಸನ್ನೂ ಕೊಡಲಿಲ್ಲ, ಸರ್ಕಾರ ಕೊಟ್ಟಿತು. ಸರ್ಕಾರಕ್ಕೆ ಕಲ್ಲು ಕೊಟ್ಟಿತು. ಅಂದರೆ ಎಲ್ಲೋ ಹೆಸರೂ ಗೊತ್ತಿಲ್ಲದ ಹುಡುಗನೊಬ್ಬ ಹುಡುಗಿಯ ಮುಂದೆ ಮಂಡಿಯೂರಿ ಉಂಗುರ ತೊಡಿಸಿದ್ದರಿಂದ ನಾನು ಸೂಜಿ ಹಾಕುವುದನ್ನು ಕಲಿತೆ. ವಿಚಿತ್ರವಲ್ಲವೇ? ಅವರ ಮದುವೆ ನಮ್ಮ ದೇಶವನ್ನು ಸಾಕಿತು. ನಮ್ಮ ಮದುವೆಗೆ ನೀನು ತಂದ ಉಂಗುರದಲ್ಲಿ ಗಾಜೂ ಇರಲಿಲ್ಲ. ಇದು ದೂರಲ್ಲ, ಸುಮ್ಮನೆ ಹೊಳೆಯಿತು.

ನೀನು ಅವ್ವನಿಗೆ ವಧುದಕ್ಷಿಣೆಯಾಗಿ ಕೊಟ್ಟ ದನಗಳಲ್ಲಿ ಆ ಕೆಂಪು ಹಸು ಮೊನ್ನೆ ಕರು ಹಾಕಿತು. ಅವ್ವ ಅದನ್ನು 'ನನ್ನ ಹಸು' ಎನ್ನುತ್ತಾಳೆಯೇ ಹೊರತು ಯಾರು ಕೊಟ್ಟದ್ದು ಎನ್ನುವುದಿಲ್ಲ. ಸೊಂಟ ಹಾಗೇ ಇದೆ. ಬಗ್ಗಲು ಈಗಲೂ ಕಷ್ಟ.

ಇನ್ನು ನನ್ನ ಪ್ರಶ್ನೆಗಳು. ಕಲ್ಲನ್ನು ಮುಟ್ಟದೆ ನೀವೆಲ್ಲ ಅದು ಹೇಗೆ ಕೆಲಸ ಮಾಡುತ್ತೀರಿ? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನೀನು ಒಳಗಿನ ಒಂದು ಮಾತನ್ನೂ ಆಡಿದವನಲ್ಲ. ನಿನ್ನ ಕೆಲಸದ ಬಟ್ಟೆಗೆ ಜೇಬಿಲ್ಲ ಎಂದು ಮಾತ್ರ ಗೊತ್ತು. ಬೆಲ್ಟಿನಿಂದ ಒಂದು ಕಲ್ಲು ಹಾರಿ ಕೆಳಗೆ ಬಿತ್ತು ಎಂದುಕೋ. ಅದನ್ನು ಯಾರು ಎತ್ತುತ್ತಾರೆ? ಬೆಂಚಿನವರೆಲ್ಲ ಕಾಯುತ್ತಿದ್ದಾರೆ. ನಾನೂ.

ಇಂತಿ,
ತಿರೆಲೊ

&nbsp;

ಗಣಿ ಊರು
ಜೂನ್ ೯

ತಿರೆಲೊ,

ಬೊಫೆಲೊ ಹೇಳಿದಳು, ಮೇಷ್ಟ್ರು ಸರಿ. ಯಂತ್ರದ ಕಲ್ಲೂ ಒಂದು ಕಾರಣ. ಜನರ ಕೈಯಲ್ಲಿ ಹಣ ಓಡಾಡುತ್ತಿಲ್ಲ ಎನ್ನುವುದು ಇನ್ನೊಂದು.

ಯಾರು ಎತ್ತುತ್ತಾರೆ ಎಂದು ಕೇಳಿದ್ದೀಯ. ಆ ಸಾಲನ್ನು ಓದಿ ಪತ್ರ ಮಡಚಿಟ್ಟೆ. ಮತ್ತೆ ಬಿಡಿಸಿ ಓದಿದೆ. ನೀನು ಬೇಕೆಂದೇ ಕೇಳಿದೆಯೋ, ಸುಮ್ಮನೆ ಕೇಳಿದೆಯೋ ಗೊತ್ತಾಗಲಿಲ್ಲ. ಸುಮ್ಮನೆ ಕೇಳಿದ್ದೇ ಇರಬೇಕು, ನಿನಗೆ ಬೇಕೆಂದು ಕೇಳುವುದಿದ್ದರೆ ಬೈದು ಕೇಳುತ್ತಿದ್ದೆ.

ಯಾರೂ ಎತ್ತುವುದಿಲ್ಲ ತಿರೆಲೊ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮನ್ನೆಲ್ಲ ಒಂದು ಬರಿಯ ಕೋಣೆಯಲ್ಲಿ ನಡೆದಾಡಿ ಎಂದರು. ನೆಲದ ಮೇಲೆ ಬೋಲ್ಟು, ನಟ್ಟು, ಗಾಜಿನ ಚೂರು ಚೆಲ್ಲಿದ್ದರು. ದನ ಕಾಯ್ದು ಬೆಳೆದವರು ನಾವು, ದಾರಿಯಲ್ಲಿ ತಂತಿಯ ತುಂಡು ಕಂಡರೂ ಬೇಲಿಗೆ ಬಂದೀತು ಎಂದು ಎತ್ತಿಟ್ಟುಕೊಳ್ಳುವವರು. ಬಹಳ ಜನ ಬಗ್ಗಿದರು, ನಾನೂ ಬಗ್ಗಿದೆ. ಬಗ್ಗಿದವರನ್ನೆಲ್ಲ ಹೊರಗೆ ಕಳಿಸಿ, ಮತ್ತೆ ಕರೆದು, ಮತ್ತೆ ನಡೆಸಿದರು. ಬಗ್ಗುವುದು ಮರೆಯುವವರೆಗೆ ನಡೆಸಿದರು.

ನಿಯಮ ಇಷ್ಟೇ. ಗಣಿಯೊಳಗೆ ನೆಲದ ಮೇಲೆ ಏನೇ ಕಾಣಲಿ, ಅದು ಕಲ್ಲಾಗಲಿ, ನಿನ್ನದೇ ಕರವಸ್ತ್ರವಾಗಲಿ, ಬಗ್ಗಬಾರದು. ನಿಂತಲ್ಲೇ ನಿಲ್ಲಬೇಕು. ಎರಡೂ ಕೈಯನ್ನು ಮೈಯಿಂದ ದೂರ, ಎಲ್ಲರಿಗೂ ಕಾಣುವಂತೆ ಮೇಲೆತ್ತಬೇಕು. "ಇಲ್ಲೊಂದು ಬಿದ್ದಿದೆ!" ಎಂದು ಕೂಗಬೇಕು. ಕಾವಲಿನವರು ಬಂದು ಕಣ್ಣಾರೆ ನೋಡಿ, "ನಾನು ನೋಡಿದೆ" ಎನ್ನುವವರೆಗೆ ಅಲುಗಾಡುವಂತಿಲ್ಲ. ಕಲ್ಲಾದರೆ ಚಿಮ್ಮಟದಲ್ಲಿ ಅವರೇ ಎತ್ತುತ್ತಾರೆ. ಸ್ಪ್ಯಾನರಾದರೆ "ಈಗ ಎತ್ತು" ಎನ್ನುತ್ತಾರೆ. ಆಗ ಮಾತ್ರ ಎತ್ತಬಹುದು. ನನ್ನ ಜೊತೆ ಸೇರಿದ ಒಬ್ಬ, ಒಳ್ಳೆಯವನು, ಮರೆತು ಒಂದು ವಾಷರ್ ಎತ್ತಿ ಪಕ್ಕಕ್ಕಿಟ್ಟ. ಅವನ ಕಾಲಿನ ಉಗುರಿನವರೆಗೂ ಹುಡುಕಿದರು. ಮರುವಾರ ಅವನು ತಾನಾಗಿಯೇ ಕೆಲಸ ಬಿಟ್ಟ.

ನಮ್ಮ ಮನೆಯಲ್ಲಿ ಚಮಚ ಬಿದ್ದರೆ ನಾನು ನಿನ್ನನ್ನು ಕರೆಯುತ್ತಿದ್ದೆ. ಗಂಡಸಿನ ಕೊಬ್ಬು ಎನ್ನುತ್ತಿದ್ದೆ ನೀನು. ನಾನೂ ಹೌದೆನ್ನುವಂತೆ ಸುಮ್ಮನಿರುತ್ತಿದ್ದೆ. ಕೊಬ್ಬು ಎಂದುಕೊಂಡರೆ ಪರವಾಗಿಲ್ಲ, ನೆಲಕ್ಕೆ ಹೆದರುವವನು ಎಂದುಕೊಂಡರೆ ಕಷ್ಟ. ಒಳಗಿನ ಮಾತು ಹೊರಗೆ ಆಡಬೇಡಿ ಎಂದು ಹೇಳಿಕೊಟ್ಟಿದ್ದರು ಎಂಬುದು ನೆಪ ಮಾತ್ರ. ನಿಜವಾಗಿ ಇದ್ದದ್ದು ನಾಚಿಕೆ.

ಆ ದಿನ ಅಂಗಳದಲ್ಲಿ ಕೋಲು ಬಿದ್ದಾಗ ನಾನು ಅತ್ತೆಯನ್ನೂ ನೋಡಲಿಲ್ಲ, ನೆಂಟರನ್ನೂ ನೋಡಲಿಲ್ಲ. ನೆಲದ ಮೇಲೆ ಏನೋ ಬಿತ್ತು ಎಂಬುದಷ್ಟೇ ಮೈಗೆ ಗೊತ್ತಾಯಿತು. ಕೈ ತಾನೇ ಎದ್ದಿತು, ಬಾಯಿ ತಾನೇ ಕೂಗಿತು. ಕೂಗಿದ ಮೇಲೆ ಎಲ್ಲಿದ್ದೇನೆಂದು ತಿಳಿಯಿತು. ನಕ್ಕದ್ದು ನನ್ನನ್ನು ನೋಡಿ ನಾನೇ. ಅದನ್ನು ಆಗಲೇ ಹೇಳಬೇಕಿತ್ತು.

ಇನ್ನೊಂದು ವಿಷಯ. ಬೆಲ್ಟುಗಳು ನಿಧಾನವಾಗಿವೆ ಎಂದು ಬರೆದಿದ್ದೆನಲ್ಲ. ಜುಲೈನಿಂದ ನಮ್ಮ ವಿಭಾಗ ಪೂರ್ತಿ ನಿಲ್ಲುತ್ತದೆ. ಕೊಳ್ಳುವವರಿಲ್ಲದ ಕಲ್ಲನ್ನು ಅಗೆದು ರಾಶಿ ಹಾಕುವುದಕ್ಕಿಂತ ನೆಲದಲ್ಲೇ ಇರಲಿ ಎಂದು. ಎಷ್ಟು ತಿಂಗಳೋ ಯಾರಿಗೂ ಗೊತ್ತಿಲ್ಲ. ಅರ್ಧ ಸಂಬಳ ಕೊಡುತ್ತಾರೆ, ಮನೆ ಖಾಲಿ ಮಾಡಬೇಕು. ನನ್ನ ಅಣ್ಣನ ದನದ ಹಟ್ಟಿ ದೂರದಲ್ಲಿದೆ, ಅಲ್ಲಿಗೆ ಹೋಗಬಹುದು. ಇಲ್ಲವೇ ಬೇರೆ ಎಲ್ಲಾದರೂ. ನಾನು ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ ಅಷ್ಟೆ.

ನಿನ್ನ,
ಮೊದಿರಿ

ತಾ.ಕ.: ಕೆಂಪು ಹಸುವಿನ ಕರು ಹೆಣ್ಣೋ ಗಂಡೋ?

&nbsp;

ಮೊಕಾಲೆಂಗ್
ಜೂನ್ ೧೭

ಮೊದಿರಿ,

ಹೆಣ್ಣು.

ನಿನ್ನ ಪತ್ರವನ್ನು ಬೆಂಚಿನ ಮುಂದೆ ಓದಲು ಶುರು ಮಾಡಿದೆ, ನಿಯಮದವರೆಗೆ ಓದಿ ನಿಲ್ಲಿಸೋಣ ಎಂದು. ಎಲ್ಲಿ ನಿಲ್ಲಿಸಬೇಕೆಂಬುದು ಮರೆತುಹೋಯಿತು. ಚಮಚದ ಹತ್ತಿರ ಬಂದಾಗ ದನಿ ನಿಂತಿತು. ಮ್ಮಾ ಸೆತ್ಸಿಬಾ ನನಗೆ ನೀರು ತಂದುಕೊಟ್ಟಳು, ಕ್ಲಿನಿಕ್ಕಿನಲ್ಲಿ ನರ್ಸಿಗೆ ರೋಗಿ ನೀರು ಕೊಟ್ಟಂತಾಯಿತು. ಯಾರೂ ತಮಾಷೆ ಮಾಡಲಿಲ್ಲ. ಅವ್ವನಿಗೆ ಒಂದು ಮಾತೂ ಮುಟ್ಟಬಾರದು ಎಂದು ಎಲ್ಲರಿಂದ ಭಾಷೆ ತೆಗೆದುಕೊಂಡಿದ್ದೇನೆ. ಯಾಕೆಂದರೆ ಅದನ್ನು ಹೇಳಬೇಕಾದವನು ನೀನು. ಹೆಂಡತಿಯ ಬಾಯಿಂದ ಹೇಳಿಸಿದರೆ ಅದು ಸಮಜಾಯಿಷಿಯಾಗುತ್ತದೆ.

ನಾನೂ ನಿನ್ನನ್ನು ಒಂದು ಸಲವೂ ಕೇಳಲಿಲ್ಲ. ದಿನಾ ಜೇಬಿಲ್ಲದ ಅಂಗಿ ಒಗೆದು ಹಾಕಿದವಳು, ಒಳಗೆ ನಿನ್ನನ್ನು ಏನು ಮಾಡುತ್ತಾರೆ ಎಂದು ಕೇಳಲಿಲ್ಲ. ಯಾರದೋ ಮಾತ್ರೆಯ ನೆಪ ಬೇಕಾಯಿತು.

ದನದ ಹಟ್ಟಿಗೆ ಹೋಗಬೇಡ. ಜುಲೈ ಮೂರನೆಯ ವಾರದ ಸರ್ಕಾರಿ ರಜೆಗೆ ಇಲ್ಲಿಗೆ ಬಾ. ಆದರೆ ಕೇಳು, ಅವ್ವ ಹೋದ ವರ್ಷವೇ ಶಪಥ ಮಾಡಿದ್ದಾಳೆ: "ಆ ಮನುಷ್ಯ ನನ್ನ ಅಂಗಳದಲ್ಲಿ ಬಗ್ಗೋವರೆಗೂ ನನ್ನ ಹೊಸ್ತಿಲು ತುಳಿಯೋ ಹಾಗಿಲ್ಲ." ಅವಳು ಹಟ ಹಿಡಿದರೆ ಏನೆಂದು ನಿನಗೆ ಗೊತ್ತು. ಅವಳು ಒಪ್ಪದಿದ್ದರೆ ನಾನು ಅವಳ ಮನೆಯಲ್ಲಿದ್ದುಕೊಂಡು ನಿನ್ನನ್ನು ಒಳಗೆ ಕರೆಯಲಾರೆ. ನಿನಗೆ ಬಗ್ಗಲು ಆಗುತ್ತದೆಯೇ? ಈಗಿನಿಂದಲೇ ಅಭ್ಯಾಸ ಮಾಡು. ಚಮಚದಿಂದ ಶುರು ಮಾಡು.

ತಿರೆಲೊ

&nbsp;

ಮೊಕಾಲೆಂಗ್
ಜುಲೈ ೨೩

ಪ್ರೀತಿಯ ಮೊದಿರಿ,

ಮನೆ ಖಾಲಿ ಮಾಡಿ, ಸಾಮಾನು ಕಟ್ಟಿಕೊಂಡು ಬರುತ್ತೇನೆಂದು ನೀನು ಬಸ್ಸು ಹತ್ತಿ ಇನ್ನೂ ಎರಡು ದಿನವಾಗಿಲ್ಲ. ಬರುವವನಿಗೆ ಪತ್ರ ಯಾಕೆ ಎಂದು ಕೇಳಬಹುದು. ಅಂಗಳದಲ್ಲಿ ನಡೆದದ್ದರಲ್ಲಿ ಅರ್ಧ ಭಾಗ ನಿನಗೆ ಗೊತ್ತಿಲ್ಲ. ನಿನ್ನ ಕಣ್ಣು ನೆಲದ ಮೇಲಿತ್ತು. ನಾನು ಅವ್ವನ ಮುಖ ನೋಡುತ್ತಿದ್ದೆ. ಎದುರಿಗೆ ಕೂತು ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಬೇಲಿ ದಾಟಿ ಬಂದು ನಿಂತಾಗ ಅವ್ವ ಬೆಂಕಿಯ ಹತ್ತಿರ ಕೂತು ಜೋಳದ ಮುದ್ದೆ ತಿರುವುತ್ತಿದ್ದಳು. ನೀನು ನಮಸ್ಕಾರ ಹೇಳಿದೆ. ಅವಳು ಮಡಕೆಗೆ ನಮಸ್ಕಾರ ಹೇಳಿದಳು. ನೀನು ಹೇಳಬೇಕೆಂದು ಕಲಿತುಕೊಂಡು ಬಂದಿದ್ದ ಮಾತು ಶುರು ಮಾಡಿದೆ. "ಅತ್ತೆ, ಆ ದಿನ..." ಎಂದೆ, ಅಲ್ಲಿಗೇ ನಿಲ್ಲಿಸಿದೆ. ಅವ್ವ ಎದ್ದಳು. ನಿನ್ನ ಮುಂದೆ ಬಂದು ನಿಂತಳು. ಆಗ ಕೋಲು ಬಿತ್ತು.

ನಿನ್ನ ಎರಡೂ ಕೈ ಎದ್ದವು. "ಇಲ್ಲೊಂದು ಬಿದ್ದಿದೆ!" ಎಂದು ಕೂಗಿದೆ, ಕೆಂಪು ಹಸುವಿನ ಕರು ಬೆದರಿ ಬೇಲಿಯ ಆಚೆ ಓಡಿತು. ಮುಗಿಯಿತು, ಇನ್ನು ಇವನಿಗೆ ದನದ ಹಟ್ಟಿಯೇ ಗತಿ, ನನಗೆ ತವರೇ ಗತಿ ಎಂದುಕೊಂಡೆ.

ನೀನು ನೋಡದೆ ಹೋದದ್ದು ಇದು. ಅವ್ವನ ಮುಖದಲ್ಲಿ ಸಿಟ್ಟಿರಲಿಲ್ಲ. ನಿನ್ನ ಮೇಲೆತ್ತಿದ ಕೈಗಳನ್ನೇ ನೋಡುತ್ತಿದ್ದಳು, ಅಂಗೈ ಬಿಚ್ಚಿ ತೋರಿಸುತ್ತಿದ್ದೆಯಲ್ಲ, ಅದನ್ನು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಗಡಸು ದನಿ ತಂದುಕೊಂಡು, ಅವಳು ಹೇಳಿದ್ದನ್ನು ನೀನೂ ಕೇಳಿದೆ:

"ನಾನು ನೋಡಿದೆ. ಈಗ ಎತ್ತಪ್ಪ."

ನೀನು ಬಗ್ಗಿದೆ. ಎಷ್ಟು ಕಷ್ಟಪಟ್ಟು ಬಗ್ಗಿದೆ ಮೊದಿರಿ! ಕೋಲು ಎತ್ತಿ ಎರಡೂ ಕೈಯಲ್ಲಿ ಹಿಡಿದು ಕೊಡುವಾಗ ನಿನ್ನ ಮುಖ ಒದ್ದೆಯಾಗಿತ್ತು, ಹೊಗೆಗೆ ಎಂದೆ ನೀನು. ಗಾಳಿ ಆಚೆ ಕಡೆ ಬೀಸುತ್ತಿತ್ತು, ನಾನು ನೋಡಿದ್ದೇನೆ. ಅವ್ವ ಕೋಲು ತೆಗೆದುಕೊಂಡು, "ಇಡೀ ದೇಶಾನ ಹೊತ್ತ ಬೆನ್ನಂತೆ. ಒಂದು ಕೋಲಿಗೆ ಇಷ್ಟು ನರಳುತ್ತಲ್ಲ" ಎಂದಳು. ಒಳಗೆ ಹೋಗಿ ಊಟಕ್ಕೆ ಮೂರು ತಟ್ಟೆ ತಂದಳು. ಒರಾತಿಲೆ ಆಟ ಮುಗಿಸಿ ಬಂದು, "ಅಪ್ಪ ಯಾಕೆ ನೆಲದ ಮೇಲೆ ಬಿದ್ದ ಬೀಜಾನೆಲ್ಲ ಎತ್ತಿ ಎತ್ತಿ ಇಡ್ತಿದ್ದಾನೆ?" ಎಂದು ಕೇಳಿದಳು. ಸಂಜೆಯವರೆಗೂ ನೀನು ಅದನ್ನೇ ಮಾಡುತ್ತಿದ್ದೆ.

ಅವ್ವನಿಗೆ ನಿಯಮ ಯಾರು ಹೇಳಿದರು ಎಂದು ನಾನು ನಿನ್ನೆ ಮ್ಮಾ ಸೆತ್ಸಿಬಾಳನ್ನು ಹಿಡಿದು ಕೇಳಿದೆ. ಭಾಷೆ ಕೊಟ್ಟಿದ್ದೆಯಲ್ಲ ಎಂದೆ. "ಕೊಟ್ಟಿದ್ದೆ ಕಣವ್ವ. ಅವತ್ತು ಮಧ್ಯಾಹ್ನದವರೆಗೂ ಉಳಿಸ್ಕೊಂಡೆ" ಎಂದಳು. ಅವಳಿಗೆ ಈ ವಾರ ಮಾತ್ರೆ ಸಿಕ್ಕಿದೆ. ಒಂದು ಪೆಟ್ಟಿಗೆ ಬಂತು, ಕೇಳಿದ್ದರಲ್ಲಿ ಅರ್ಧ. ಮುಂದಿನ ತಿಂಗಳು ಏನೋ ಗೊತ್ತಿಲ್ಲ. ದಿನಾ ಬೆಂಚಿನ ಮೇಲೆ ಕೂತು, ಹೊರಗೆ ಯಾರಾದರೂ ಕಲ್ಲು ಕೊಂಡರೇ ಎಂದು ಕೇಳುತ್ತಾಳೆ. ನನಗೂ ಈಗ ಅದೇ ಕುತೂಹಲ. ರೇಡಿಯೋದಲ್ಲಿ ಹವಾಮಾನದ ಸುದ್ದಿ ಮುಗಿದ ಮೇಲೂ ಆರಿಸದೆ, ವಜ್ರದ ಸುದ್ದಿ ಬರುತ್ತದೇನೋ ಎಂದು ಕಾಯುತ್ತೇನೆ.

ಬೇಗ ಬಾ. ಕ್ಲಿನಿಕ್ಕಿನ ನೀರಿನ ಪಂಪಿನ ಬೆಲ್ಟು ಹರಿದಿದೆ, ಯಾರಿಗೂ ಹಾಕಲು ಬರುವುದಿಲ್ಲ. ಸಂಬಳ ಕೊಡುವವರಿಲ್ಲ. ಮುದ್ದೆ, ಹುಳಿ ಹಾಲು ಕೊಡುತ್ತೇವೆ.

ನಿನ್ನ,
ತಿರೆಲೊ

ತಾ.ಕ.: ಅವ್ವ ಪಕ್ಕದಲ್ಲಿ ಕೂತಿದ್ದಾಳೆ, ತನ್ನದೂ ನಾಲ್ಕು ಮಾತು ಬರೆಯಬೇಕಂತೆ. ಹೇಳಿದಂತೆಯೇ ಬರೆಯುತ್ತಿದ್ದೇನೆ, ಬರೆಯುವಾಗ ನನ್ನ ಬಾಯಿ ತೆರೆದೇ ಇದೆ. "ಅಳಿಯಂದ್ರೇ, ಮೊನ್ನೆ ಕೋಲು ತಾನಾಗಿ ಬೀಳಲಿಲ್ಲ, ನಾನೇ ಬಿಟ್ಟೆ. ಅದು ನಿಮಗೂ ಗೊತ್ತಾಗಿರುತ್ತೆ. ಹೋದ ವರ್ಷ ಮದುವೇಲೂ ನಾನೇ ಬಿಟ್ಟಿದ್ದು. ನನ್ನ ತಂಗೀರೆಲ್ಲ ತಮ್ಮ ತಮ್ಮ ಅಳಿಯಂದಿರನ್ನ ಹೊಗಳ್ಕೋತಾ ಕೂತಿದ್ರು. ನಾನಂದೆ, ಇರ್ರೇ, ನೋಡ್ತಾ ಇರಿ, ನನ್ನ ಕೋಲು ನೆಲ ಮುಟ್ಟೋದ್ರೊಳಗೆ ನನ್ನ ಅಳಿಯ ಎತ್ತಿಕೊಡ್ತಾನೆ ಅಂತ."